ವಿಲ್ ಒಂದನ್ನೇ ನೆಚ್ಚಿದರೆ ಸಾಲದು: ಇಂಗ್ಲಿಷಿನಲ್ಲಿ ನಾಳೆಯ ಮಾತು

ಶಾಲೆಯ ಟೆನ್ಸ್ ಚಾರ್ಟು ಯಾರಿಗೆ ನೆನಪಿಲ್ಲ? ಮೂರು ಕಾಲ, ಒಂದೊಂದಕ್ಕೂ ನಾಲ್ಕು ರೂಪ, ಒಟ್ಟು 12 ಮನೆ. ಕೊನೆಯ ನಾಲ್ಕು ಮನೆಗಳಲ್ಲಿ ವಿಲ್, ಇಲ್ಲವೇ ಶ್ಯಾಲ್. ಅದನ್ನು ಬಾಯಿಪಾಠ ಮಾಡಿ ಹೊರಬಿದ್ದವರು ಮುಂದೆ ಆಗುವ ಎಲ್ಲದಕ್ಕೂ ವಿಲ್ ಅಂಟಿಸುತ್ತಾರೆ. ಟಿಕೆಟ್ ಬುಕ್ ಆಗಿದೆ, ರೂಮ್ ಗೊತ್ತಾಗಿದೆ, ಆದರೂ "ಐ ವಿಲ್ ಗೋ ಟು ಮೈಸೂರ್ ಟುಮಾರೋ" ಅನ್ನುತ್ತಾರೆ. ವ್ಯಾಕರಣ ಕೆಟ್ಟಿಲ್ಲ, ಅರ್ಥವೂ ಆಗುತ್ತದೆ. ಆದರೆ ಇಂಗ್ಲಿಷ್ ಮನೆಮಾತಿನವರಿಗೆ ಅದು ಈಗಷ್ಟೇ ಹೊಳೆದ ತೀರ್ಮಾನದಂತೆ ಕೇಳುತ್ತದೆ. ಎಲ್ಲ ಏರ್ಪಾಡು ಮುಗಿದಿದ್ದರೆ ಅವರು ಹೇಳುವುದು "ಐ ಆಮ್ ಗೋಯಿಂಗ್ ಟು ಮೈಸೂರ್ ಟುಮಾರೋ."

ಎಡವಟ್ಟು ಇರುವುದೇ ಚಾರ್ಟಿನ ಆ ಕೊನೆಯ ನಾಲ್ಕು ಮನೆಗಳಲ್ಲಿ. ಇಂಗ್ಲಿಷ್ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದು ಎರಡೇ ಬಗೆಯಲ್ಲಿ: ವಾಕ್, ವಾಕ್ಡ್; ಗೋ, ವೆಂಟ್. ಭವಿಷ್ಯಕ್ಕೆಂದು ಮೂರನೆಯ ರೂಪವೇ ಇಲ್ಲ. ವಿಲ್ ಎಂಬುದು ಕ್ಯಾನ್, ಮೇ, ಮಸ್ಟ್ ಇರುವ ಸಾಲಿನದು, ಹೇಳುವವನ ಮನಸ್ಸು ಎತ್ತ ಇದೆ ಎಂದು ತೋರಿಸುವ ಪದ. ಆದ್ದರಿಂದ "ಇದು ಯಾವಾಗ ಆಗುತ್ತೆ" ಎಂದು ಕೇಳಿಕೊಂಡರೆ ಸರಿಯಾದ ರೂಪ ಸಿಗುವುದಿಲ್ಲ. "ಇದನ್ನು ಯಾವ ಆಧಾರದ ಮೇಲೆ ಹೇಳ್ತಾ ಇದ್ದೀನಿ" ಎಂದು ಕೇಳಿಕೊಂಡರೆ ಸಿಗುತ್ತದೆ.

ಕನ್ನಡದವರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಭವಿಷ್ಯತ್ಕಾಲ ಎಂದರೆ "ಮಾಡುವೆನು" ಎಂದು ಪುಸ್ತಕ ಹೇಳುತ್ತದೆ. ಮನೆಯಲ್ಲಿ ಹಾಗೆ ಮಾತಾಡುವವರನ್ನು ಹುಡುಕಬೇಕು. "ದಿನಾ ಬರ್ತೀನಿ", "ನಾಳೆ ಬರ್ತೀನಿ" ಎರಡಕ್ಕೂ ನಮಗೆ ಒಂದೇ ರೂಪ. ಅದರ ಸುತ್ತ ಬರೋಣ ಅಂತಿದ್ದೀನಿ, ಬರೋ ಹಾಗಿದೆ, ಬರಲಿದ್ದಾರೆ, ಬಂದಾನು, ಬಂದಿರ್ತಾನೆ, ಹೊರಡೋದ್ರಲ್ಲಿದ್ದೀನಿ ಎಂದು ಒಂದು ಹಿಂಡೇ ಇದೆ. ಯಾರಾದರೂ ಕೂಗಿದರೆ ಎದ್ದೇಳುವ ಮೊದಲೇ "ಬಂದೆ!" ಎಂದು ಭೂತಕಾಲದಲ್ಲಿ ಉತ್ತರ ಕೊಡುತ್ತೇವೆ. ಇವುಗಳಲ್ಲಿ ಒಂದನ್ನು ಇನ್ನೊಂದರ ಜಾಗದಲ್ಲಿ ಯಾರೂ ಹಾಕುವುದಿಲ್ಲ. ಆ ಕಿವಿಯನ್ನೇ ಇಂಗ್ಲಿಷಿಗೂ ಬಳಸಿಕೊಳ್ಳಬಹುದು.

ಹೆಚ್ಚು ಗೊಂದಲ ಇರುವುದು ವಿಲ್, ಕ್ರಿಯಾಪದಕ್ಕೆ ಮೊದಲು ಬರುವ ಗೋಯಿಂಗ್ ಟು, ಪ್ರೆಸೆಂಟ್ ಕಂಟಿನ್ಯುಯಸ್ (ಮೇಲಿನ ಮೈಸೂರಿನ ವಾಕ್ಯದಂತೆ ಆಮ್, ಈಸ್, ಆರ್ ಜೊತೆ ಕ್ರಿಯಾಪದಕ್ಕೆ ಐಎನ್‌ಜಿ ಸೇರಿದ್ದು) ಈ ಮೂರರ ನಡುವೆ. ಮನೆಯಲ್ಲಿ ಹಾಲು ಮುಗಿದಿದೆ, ಯಾರೋ ಅದನ್ನು ಹೇಳಿದರು ಅಂದುಕೊಳ್ಳಿ. ನಿಮಗೆ ವಿಷಯ ಗೊತ್ತಾದದ್ದು ಈಗ, ತರುವ ತೀರ್ಮಾನವೂ ಈಗಲೇ ಆದದ್ದು: "ಓ, ಐಲ್ ಗೆಟ್ ಸಮ್." ಕನ್ನಡದಲ್ಲಿ "ಅಯ್ಯೋ ಹೌದಾ, ತರ್ತೀನಿ ತಾಳು." ಹಾಗಲ್ಲದೆ ಬೆಳಿಗ್ಗೆಯೇ ನೋಡಿದ್ದೀರಿ, ತರಬೇಕು ಎಂದು ಆಗಲೇ ಅಂದುಕೊಂಡಿದ್ದೀರಿ: "ಐ ನೋ, ಐ ಆಮ್ ಗೋಯಿಂಗ್ ಟು ಗೆಟ್ ಸಮ್." ಕನ್ನಡದಲ್ಲಿ "ಗೊತ್ತು, ತರಬೇಕು ಅಂತಾನೇ ಇದ್ದೀನಿ." ಮೊದಲನೆಯ ಸಂದರ್ಭದಲ್ಲಿ ಗೋಯಿಂಗ್ ಟು ಹೇಳಿದರೆ "ನೀನು ಹೇಳೋದೇನು, ನನಗೆ ಮೊದಲೇ ಗೊತ್ತಿತ್ತು" ಎಂಬ ಧಾಟಿ ಬಂದುಬಿಡುತ್ತದೆ. ಎರಡು ಕಡೆಯೂ ಕೆಡುವುದು "ಐ ಗೆಟ್ ಸಮ್" ಎಂಬ ಉತ್ತರ. ತರ್ತೀನಿ, ಕೊಡ್ತೀನಿ, ಮಾಡ್ತೀನಿ ಎಲ್ಲ ವರ್ತಮಾನದಂತೆ ಕಾಣುವುದರಿಂದ ಇಂಗ್ಲಿಷಿನಲ್ಲೂ ವರ್ತಮಾನ ಬಂದು ಕೂರುತ್ತದೆ. ಸಹಾಯಕ್ಕೆ ಮುಂದಾಗುವಾಗ, ಮಾತು ಕೊಡುವಾಗ, ಬೆದರಿಸುವಾಗ ವಿಲ್ ಇರಲೇಬೇಕು: "ಐಲ್ ಕ್ಯಾರಿ ದಟ್", "ಐಲ್ ಪೇ ಯು ಬ್ಯಾಕ್", "ಐಲ್ ಟೆಲ್ ಯುವರ್ ಫಾದರ್."

ಗೋಯಿಂಗ್ ಟು ಮಾಡುವ ಇನ್ನೊಂದು ಕೆಲಸ ಕಣ್ಣೆದುರಿನ ಸಾಕ್ಷಿಯನ್ನು ಹಿಡಿದು ಹೇಳುವುದು. ಮೋಡ ಕವಿದಿದೆ, "ಇಟ್ಸ್ ಗೋಯಿಂಗ್ ಟು ರೇನ್", ಮಳೆ ಬರೋ ಹಾಗಿದೆ. ಮಗು ಕುರ್ಚಿಯ ಅಂಚಿನಲ್ಲಿ ನಿಂತು ಓಲಾಡುತ್ತಿದ್ದರೆ "ಯು ಆರ್ ಗೋಯಿಂಗ್ ಟು ಫಾಲ್!" ಎನ್ನಬೇಕು. "ಯು ವಿಲ್ ಫಾಲ್" ಎಂದರೆ ಕೇಳುವವನು "ಯಾವಾಗ? ಏನು ಮಾಡಿದರೆ?" ಎಂದು ಇನ್ನೊಂದು ತುಂಡಿಗಾಗಿ ಕಾಯುತ್ತಾನೆ, ಇನ್ನೂ ಕುರ್ಚಿ ಹತ್ತದ ಮಗುವಿಗೆ ಹೇಳುವ ಎಚ್ಚರಿಕೆ ಅದು. ಕನ್ನಡದ "ಬೀಳ್ತೀಯ!" ಎರಡಕ್ಕೂ ಸಲ್ಲುತ್ತದೆ, ಆದ್ದರಿಂದಲೇ ಇಲ್ಲಿ ಜಾರುವುದು ಸುಲಭ. ಬರಿಯ ಅಭಿಪ್ರಾಯ, ಊಹೆ ಆದರೆ ವಿಲ್ ಸಾಕು, ಜೊತೆಗೆ ಐ ಥಿಂಕ್, ಪ್ರಾಬಬ್ಲಿ ಸೇರಿಕೊಂಡರೆ ಚೆಂದ: "ಐ ಥಿಂಕ್ ಶಿ ವಿಲ್ ಪಾಸ್."

ಪ್ರೆಸೆಂಟ್ ಕಂಟಿನ್ಯುಯಸ್ ಇನ್ನೂ ಒಂದು ಹೆಜ್ಜೆ ಮುಂದೆ. ಗೋಯಿಂಗ್ ಟು ಎಂದರೆ ಮನಸ್ಸಿನಲ್ಲಿ ಗಟ್ಟಿಯಾದದ್ದು; ಇದು ಮನಸ್ಸಿನಿಂದ ಹೊರಬಂದು ಕ್ಯಾಲೆಂಡರಿನಲ್ಲಿ ಕೂತಿರುವುದು. ಇನ್ನೊಬ್ಬರ ಜೊತೆ ಮಾತಾಗಿದೆ, ಹೊತ್ತು ಗೊತ್ತಾಗಿದೆ, ದುಡ್ಡು ಕಟ್ಟಿಯಾಗಿದೆ. "ಐ ಆಮ್ ಗೋಯಿಂಗ್ ಟು ಸೀ ಎ ಡೆಂಟಿಸ್ಟ್" ಎಂದರೆ ಹಲ್ಲು ನೋಯುತ್ತಿದೆ, ಹೋಗಬೇಕು ಅಂತಿದ್ದೀನಿ. "ಐ ಆಮ್ ಸೀಯಿಂಗ್ ದಿ ಡೆಂಟಿಸ್ಟ್ ಆನ್ ಫ್ರೈಡೇ" ಎಂದರೆ ಅಪಾಯಿಂಟ್‌ಮೆಂಟ್ ಆಗಿದೆ. ಇಲ್ಲಿ ಮೂರು ಕಡೆ ಕೈಕೊಡುತ್ತದೆ. ಫ್ರೈಡೇ, ಟುನೈಟ್‌ನಂಥ ಹೊತ್ತಿನ ಸೂಚನೆ ಎಲ್ಲಾದರೂ ಇರಬೇಕು, ಇಲ್ಲದಿದ್ದರೆ ಈ ಕ್ಷಣದ ಮಾತಾಗುತ್ತದೆ. ಮನುಷ್ಯರು ಗೊತ್ತು ಮಾಡಲಾಗದ ವಿಷಯಕ್ಕೆ ಬಾರದು, "ಇಟ್ ಈಸ್ ರೇನಿಂಗ್ ಟುಮಾರೋ" ಅನ್ನುವಂತಿಲ್ಲ. ಮಳೆಯ ಜೊತೆ ಅಪಾಯಿಂಟ್‌ಮೆಂಟ್ ಯಾರು ಮಾಡಿಕೊಂಡಾರು! ಇನ್ನು ನೋ, ಬಿಲಾಂಗ್, ಅಂಡರ್‌ಸ್ಟ್ಯಾಂಡ್ ಇವು ಐಎನ್‌ಜಿ ಒಪ್ಪದ ಕ್ರಿಯಾಪದಗಳು. "ಐ ಆಮ್ ನೋಯಿಂಗ್ ದಿ ರಿಸಲ್ಟ್ ಟುಮಾರೋ" ಅಲ್ಲ, "ಐಲ್ ನೋ ದಿ ರಿಸಲ್ಟ್ ಟುಮಾರೋ."

ಸಿಂಪಲ್ ಪ್ರೆಸೆಂಟ್ ವೇಳಾಪಟ್ಟಿಯದು. ರೈಲು, ಬಸ್ಸು, ಪರೀಕ್ಷೆ, ಸಿನಿಮಾ, ಶಾಲೆ ತೆರೆಯುವ ದಿನ: "ದಿ ಟ್ರೈನ್ ಲೀವ್ಸ್ ಅಟ್ ಸಿಕ್ಸ್", "ಅವರ್ ಎಕ್ಸಾಮ್ಸ್ ಸ್ಟಾರ್ಟ್ ಆನ್ ಮಂಡೇ." ನೀವು ಅಂದುಕೊಂಡರೂ ಬದಲಾಗದ್ದು, ಬೇರೆಲ್ಲೋ ಅಚ್ಚಾಗಿರುವುದು. ನಮ್ಮ ಸ್ವಂತ ಓಡಾಟ ಅಂಥದ್ದಲ್ಲವಾದ್ದರಿಂದ "ಐ ಕಮ್ ಟುಮಾರೋ" ತಪ್ಪು. ಟೂರ್ ಪಟ್ಟಿ ಓದಿ ಹೇಳುವಂತಿದ್ದರೆ ಮಾತ್ರ "ಐ ಫ್ಲೈ ಟು ಡೆಲ್ಲಿ ಆನ್ ಮಂಡೇ" ನಡೆಯುತ್ತದೆ.

ಈಗ ಇಫ್, ವೆನ್ ವಿಷಯ. "ಇಫ್ ಇಟ್ ವಿಲ್ ರೇನ್", "ಟಿಲ್ ಯು ವಿಲ್ ಕಮ್" ಇವೆರಡೂ ಎಲ್ಲೆಲ್ಲೂ ಕೇಳಿಸುತ್ತವೆ. ನಿಯಮ ಎಲ್ಲರಿಗೂ ಗೊತ್ತಿರುತ್ತದೆ: ಇಫ್, ವೆನ್, ಆಫ್ಟರ್, ಬಿಫೋರ್, ಟಿಲ್, ಆಸ್ ಸೂನ್ ಆಸ್, ಬೈ ದಿ ಟೈಮ್ ಇವುಗಳ ಬೆನ್ನಿಗೆ ಬರುವುದು, ನಾಳೆಯ ಮಾತಾದರೂ, ಸಿಂಪಲ್ ಪ್ರೆಸೆಂಟ್. ಇದನ್ನು ಕಲಿತವರು ಮರುದಿನವೇ "ಐ ಡೋಂಟ್ ನೋ ವೆನ್ ಹಿ ಕಮ್ಸ್" ಎಂದು ಅತ್ತ ಕಡೆ ಜಾರುತ್ತಾರೆ. ಬರುವ ಹೊತ್ತು ತಿಳಿಯದು ಎನ್ನಲು ಅಲ್ಲಿ ವಿಲ್ ಬೇಕು.

ಇದಕ್ಕೆ ನೆಹರೂ ಅವರ 1947ರ ಆಗಸ್ಟ್ 14ರ ರಾತ್ರಿಯ ಭಾಷಣಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮೊದಲ ಎರಡೇ ವಾಕ್ಯಗಳಲ್ಲಿ ಎರಡು ವೆನ್ ಇವೆ. ಒಂದು: "ನೌ ದಿ ಟೈಮ್ ಕಮ್ಸ್ ವೆನ್ ವಿ ಶ್ಯಾಲ್ ರಿಡೀಮ್ ಅವರ್ ಪ್ಲೆಜ್." ಮುಂದಿನದು: "ವೆನ್ ದಿ ವರ್ಲ್ಡ್ ಸ್ಲೀಪ್ಸ್, ಇಂಡಿಯಾ ವಿಲ್ ಅವೇಕ್ ಟು ಲೈಫ್ ಅಂಡ್ ಫ್ರೀಡಮ್." ಮೊದಲ ವೆನ್ ಹಿಂದೆ ಶ್ಯಾಲ್ ಬಂದಿದೆ, ಎರಡನೆಯದರ ಹಿಂದೆ ಬರೀ ಸ್ಲೀಪ್ಸ್. ಎರಡೂ ಸರಿ. ಕನ್ನಡಕ್ಕೆ ತಂದುಕೊಂಡು ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ. ಮೊದಲನೆಯದು "ಹರಕೆ ತೀರಿಸುವ ಕಾಲ": ವೆನ್ ಇಲ್ಲಿ ಟೈಮ್ ಎಂಬ ಪದಕ್ಕೆ ಅಂಟಿಕೊಂಡು ಅದು ಎಂಥ ಕಾಲ ಎಂದು ಹೇಳುತ್ತಿದೆ. ಎರಡನೆಯದು "ಜಗತ್ತು ಮಲಗಿರುವಾಗ": ಇಲ್ಲಿ ವೆನ್ ಮುಖ್ಯ ಘಟನೆಗೆ ಹೊತ್ತು ಗೊತ್ತು ಮಾಡುತ್ತಿದೆ. ಭವಿಷ್ಯದ ಭಾರವನ್ನು ಇಂಡಿಯಾ ವಿಲ್ ಅವೇಕ್ ಹೊತ್ತಿರುವುದರಿಂದ ಸ್ಲೀಪ್ಸ್ ಅದನ್ನು ಮತ್ತೆ ಹೊರಬೇಕಿಲ್ಲ.

ಇದರಿಂದ ಒಂದು ಪರೀಕ್ಷೆ ಸಿಗುತ್ತದೆ. ಹೇಳಬೇಕಾದ ತುಂಡು ಕನ್ನಡದಲ್ಲಿ ಬಂದರೆ, ಬಂದಾಗ, ಬಂದ ಮೇಲೆ, ಬಂದ ಕೂಡಲೇ, ಬರೋ ತನಕ, ಬರೋ ಮುಂಚೆ, ಬರೋ ಹೊತ್ತಿಗೆ ಹೀಗೆ ಮುಗಿದರೆ ಇಂಗ್ಲಿಷಿನಲ್ಲಿ ವಿಲ್ ಬೇಡ. "ಬರ್ತಾನೋ ಇಲ್ವೋ", "ಯಾವಾಗ ಬರ್ತಾನೋ" ಎಂದು ಓಕಾರದಲ್ಲಿ ಮುಗಿದರೆ ವಿಲ್ ಬೇಕು. "ಅವನು ಬಂದರೆ ಹೇಳ್ತೀನಿ" ಎಂಬುದು "ಇಫ್ ಹಿ ಕಮ್ಸ್, ಐಲ್ ಟೆಲ್ ಯು." "ಅವನು ಬರ್ತಾನೋ ಇಲ್ವೋ ಗೊತ್ತಿಲ್ಲ" ಎಂಬುದು "ಐ ಡೋಂಟ್ ನೋ ಇಫ್ ಹಿ ವಿಲ್ ಕಮ್." ಇಫ್ ಅದೇ, ಕೆಲಸ ಬೇರೆ. ಕನ್ನಡದ "ಬಂದರೆ"ಯಲ್ಲೂ ಭವಿಷ್ಯದ ಸುಳಿವಿಲ್ಲ, ಇರುವುದು ಭೂತಕಾಲದ ಬಂದ. ಹಾಗಾಗಿ "ಇಫ್ ಇಟ್ ವಿಲ್ ರೇನ್" ಎಂಬ ತಪ್ಪನ್ನು ನಮ್ಮ ಭಾಷೆಯ ತಲೆಗೆ ಕಟ್ಟುವುದು ಅನ್ಯಾಯ. ಅದು ಹುಟ್ಟಿದ್ದು ಆ 12 ಮನೆಯ ಚಾರ್ಟಿನಲ್ಲಿ. ಕೆಲಸ ಪೂರ್ತಿ ಮುಗಿಯಬೇಕು ಎಂದು ಒತ್ತಿ ಹೇಳಲು ಪ್ರೆಸೆಂಟ್ ಪರ್ಫೆಕ್ಟ್ ಬರಬಹುದು: "ವೆನ್ ಐ ಹ್ಯಾವ್ ಫಿನಿಶ್ಡ್, ಐಲ್ ಕಾಲ್ ಯು." ಅನ್‌ಲೆಸ್ ಒಳಗೇ ಇಲ್ಲ ಎಂಬುದು ಅಡಗಿದೆ, ಅದಕ್ಕೆ ಮತ್ತೆ ಡೋಂಟ್ ಸೇರಿಸಬಾರದು. ಇಫ್ ಹಿಂದೆ ವಿಲ್ ಬರುವ ಒಂದು ಜಾಗವಿದೆ: "ಇಫ್ ಯು ವಿಲ್ ವೇಟ್ ಹಿಯರ್, ಐಲ್ ಕಾಲ್ ಹಿಮ್." ಅಲ್ಲಿ ವಿಲ್ ಎಂದರೆ ದಯವಿಟ್ಟು ಮನಸ್ಸು ಮಾಡಿದರೆ ಎಂದರ್ಥ, ರಿಸೆಪ್ಷನ್ ಮೇಜಿನ ಸೌಜನ್ಯ.

ಗಡುವಿನ ಮಾತಿಗೆ ಬಂದರೆ ಎಡವುವುದು ಕ್ರಿಯಾಪದಕ್ಕಿಂತ ಹೆಚ್ಚಾಗಿ ಅದರ ಪಕ್ಕದ ಸಣ್ಣ ಪದದಲ್ಲಿ. "ಸೋಮವಾರದೊಳಗೆ ಮುಗಿಸ್ತೀನಿ" ಎಂಬುದು ಬೈ ಮಂಡೇ. "ಸೋಮವಾರದ ತನಕ ಇರ್ತೀನಿ" ಎಂಬುದು ಟಿಲ್ ಮಂಡೇ. "ಐ ವಿಲ್ ಫಿನಿಶ್ ಟಿಲ್ ಮಂಡೇ" ಎಂದು ಮೇಲ್ ಹೋದರೆ ಆ ಕಡೆಯವರು ತಲೆ ಕೆರೆದುಕೊಳ್ಳುತ್ತಾರೆ. ವಿದಿನ್ ಹಿಂದೆ ಅವಧಿ ಬರಬೇಕು, ದಿನದ ಹೆಸರಲ್ಲ: ವಿದಿನ್ ಟೂ ಡೇಸ್ ಸರಿ, ವಿದಿನ್ ಮಂಡೇ ಇಲ್ಲ. "ಹತ್ತು ನಿಮಿಷ ಬಿಟ್ಟು ಫೋನ್ ಮಾಡ್ತೀನಿ" ಎನ್ನಲು ನಾವು ಆಫ್ಟರ್ ಟೆನ್ ಮಿನಿಟ್ಸ್ ಹಾಕುತ್ತೇವೆ. ಇಂಗ್ಲಿಷ್ ಮನೆಮಾತಿನವರ ಬಾಯಲ್ಲಿ ಸಹಜವಾಗಿ ಬರುವುದು ಇನ್ ಟೆನ್ ಮಿನಿಟ್ಸ್.

ಬೈ ಜೊತೆ ಬರುವ ಫ್ಯೂಚರ್ ಪರ್ಫೆಕ್ಟಿಗೆ ಹೆದರುವವರು ಬಹಳ. ಅದು ನಮ್ಮ "ಮುಗಿಸಿರ್ತೀನಿ", ಬೇರೇನಲ್ಲ. "ಬೈ ಫೈವ್ ಐಲ್ ಹ್ಯಾವ್ ಫಿನಿಶ್ಡ್ ಇಟ್", ಐದರ ಹೊತ್ತಿಗೆ ಮುಗಿಸಿರ್ತೀನಿ. ಈ ಹೊಂದಿಕೆ ಎಷ್ಟು ದೂರ ಹೋಗುತ್ತದೆಂದರೆ, ಮುಂದಿನದನ್ನು ಬಿಟ್ಟು ಈಗಿನದನ್ನು ಊಹಿಸುವಾಗಲೂ ಎರಡೂ ಭಾಷೆ ಇದೇ ರೂಪ ಬಳಸುತ್ತವೆ. "ಅವರು ಇಷ್ಟೊತ್ತಿಗೆ ಮನೆ ಸೇರಿರ್ತಾರೆ" ಎಂದರೆ "ದೇ ವಿಲ್ ಹ್ಯಾವ್ ರೀಚ್ಡ್ ಹೋಮ್ ಬೈ ನೌ." ಬಾಗಿಲು ಬಡಿದ ಸದ್ದಿಗೆ "ಹಾಲಿನವನು ಇರಬೇಕು" ಎನ್ನುವುದನ್ನು "ದಟ್ ವಿಲ್ ಬಿ ದಿ ಮಿಲ್ಕ್‌ಮನ್" ಎಂದೂ ಹೇಳಬಹುದು. ವಿಲ್ ಅಂದರೆ ಭವಿಷ್ಯ ಎಂಬ ಸಮೀಕರಣ ಇಲ್ಲಿ ಪೂರ್ತಿ ಬಿದ್ದುಹೋಗುತ್ತದೆ.

ವಿಲ್ ಬಿ ಜೊತೆ ಐಎನ್‌ಜಿ ಸೇರಿದ ರೂಪ ನಮ್ಮ ಆಫೀಸ್ ಮೇಲ್‌ಗಳಲ್ಲಿ ಅಗತ್ಯಕ್ಕಿಂತ ಜಾಸ್ತಿ. ಅದರ ನೇರ ಕೆಲಸ "ಓಡಿಸ್ತಾ ಇರ್ತೀನಿ" ಎನ್ನುವುದು: "ಡೋಂಟ್ ಕಾಲ್ ಅಟ್ ಟೆನ್, ಐಲ್ ಬಿ ಡ್ರೈವಿಂಗ್." ಇನ್ನೊಂದು ಕೆಲಸ ಸೂಕ್ಷ್ಮ. "ವಿಲ್ ಯು ಯೂಸ್ ದಿ ಕಾರ್ ಟುನೈಟ್?" ಎಂದರೆ ನಿರ್ಧಾರ ಕೇಳಿದಂತೆ, ಸ್ವಲ್ಪ ಒತ್ತಾಯವೂ ಇದ್ದಂತೆ. "ವಿಲ್ ಯು ಬಿ ಯೂಸಿಂಗ್ ದಿ ಕಾರ್ ಟುನೈಟ್?" ಎಂದರೆ ನಿಮ್ಮ ಕಾರ್ಯಕ್ರಮ ಹೇಗಿದೆ ಎಂದಷ್ಟೇ ವಿಚಾರಿಸಿದಂತೆ, ಕಾರು ಕೇಳುವವರು ಹೀಗೆ ಶುರು ಮಾಡುವುದು ಲೇಸು. ವಿಮಾನದಲ್ಲಿ "ವಿ ವಿಲ್ ಬಿ ಲ್ಯಾಂಡಿಂಗ್ ಶಾರ್ಟ್ಲಿ" ಎನ್ನುವುದೂ ಇದೇ ಧಾಟಿ: ಸಹಜ ಕ್ರಮದಲ್ಲಿ ಆಗುವುದು, ಯಾರದೋ ಹಟವಲ್ಲ. ಆದರೆ ಖಚಿತವಾಗಿ ಮಾತು ಕೊಡಬೇಕಾದಲ್ಲಿ "ಐ ವಿಲ್ ಬಿ ಸೆಂಡಿಂಗ್ ದಿ ಫೈಲ್" ಎಂದರೆ ಮಾತು ತೆಳ್ಳಗಾಗುತ್ತದೆ. "ಐಲ್ ಸೆಂಡ್ ದಿ ಫೈಲ್ ಬೈ ಫೈವ್" ಎಂದು ಬರೆದರೆ ಗಟ್ಟಿ.

ವುಡ್ ಇನ್ನೊಂದು ಕಾಟ. "ದಿ ಮೀಟಿಂಗ್ ವುಡ್ ಬಿ ಹೆಲ್ಡ್ ಟುಮಾರೋ" ಎಂದು ಸುತ್ತೋಲೆಗಳಲ್ಲಿ ಧಾರಾಳವಾಗಿ ಬರುತ್ತದೆ, ವಿಲ್‌ಗಿಂತ ಮರ್ಯಾದಸ್ತ ಪದ ಎಂಬ ನಂಬಿಕೆಯಿಂದ. ಓದುವವರಿಗೆ ಅದು "ನಡೀತಿತ್ತು, ಆದರೆ..." ಎಂಬಂತೆ ಕೇಳಿಸುತ್ತದೆ. ಮರ್ಯಾದೆ ಸಿಗುವುದು "ವುಡ್ ಯು" ಎಂದು ಕೇಳಿಕೊಳ್ಳುವಲ್ಲಿ. ಉಳಿದಂತೆ ವುಡ್ ಜಾಗ ಹಿಂದೆ ಆಡಿದ ಮುಂದಿನ ಮಾತಿನದು: "ಹಿ ಸೆಡ್ ಹಿ ವುಡ್ ಕಮ್." ಅಂದುಕೊಂಡು ಆಗದೇಹೋದದ್ದಕ್ಕೆ ವಾಸ್ ಗೋಯಿಂಗ್ ಟು: "ಐ ವಾಸ್ ಗೋಯಿಂಗ್ ಟು ಕಾಲ್ ಯು", ಫೋನ್ ಮಾಡೋಣ ಅಂತಿದ್ದೆ.

ಶ್ಯಾಲ್ ಕತೆ ದೊಡ್ಡದು, ಬಳಕೆ ಚಿಕ್ಕದು. ಐ ಮತ್ತು ವಿ ಜೊತೆ ಶ್ಯಾಲ್, ಉಳಿದವರ ಜೊತೆ ವಿಲ್. ಶಪಥ, ಬೆದರಿಕೆಗೆ ಇದು ತಿರುವುಮುರುವು. ಈ ನಿಯಮವನ್ನು ಇಂಗ್ಲೆಂಡಿನ ಗಣಿತಜ್ಞ ಜಾನ್ ವಾಲಿಸ್ 1653ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ಕಾಣಬಹುದು. ನೆಹರೂ ವಾಕ್ಯಗಳಲ್ಲಿ "ವಿ ಶ್ಯಾಲ್", "ಇಂಡಿಯಾ ವಿಲ್" ಎಂದು ಅದರಂತೆಯೇ ಬಂದಿದೆ. ಈಗ ಮಾತಿನಲ್ಲಿ ಅದನ್ನು ಪಾಲಿಸುವವರು ವಿರಳ. ಕಲಿಯುವವರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಾನೂನಿನಲ್ಲಿ ಮಾತ್ರ ಶ್ಯಾಲ್ ಗಟ್ಟಿಯಾಗಿ ಕೂತಿದೆ. ಸಂವಿಧಾನದ 1ನೇ ವಿಧಿ "ಇಂಡಿಯಾ, ದಟ್ ಈಸ್ ಭಾರತ್, ಶ್ಯಾಲ್ ಬಿ ಎ ಯೂನಿಯನ್ ಆಫ್ ಸ್ಟೇಟ್ಸ್" ಎನ್ನುವುದು ಭವಿಷ್ಯವಾಣಿಯಲ್ಲ, ವಿಧಾಯಕ. ನಮ್ಮ ಸರ್ಕಾರಿ ಆದೇಶಗಳ "ಸಲ್ಲಿಸತಕ್ಕದ್ದು" ಇದಕ್ಕೆ ಸಮ. ಟೆಂಡರ್, ಕರಾರುಪತ್ರ ಓದುವಾಗ ಶ್ಯಾಲ್ ಕಂಡಲ್ಲೆಲ್ಲ ತಕ್ಕದ್ದು ಎಂದು ಓದಿಕೊಂಡರೆ ಮೋಸವಿಲ್ಲ. ದಿನಬಳಕೆಗೆ ಎರಡು ಸಾಕು: "ಬರ್ಲಾ?" ಎನ್ನಲು "ಶ್ಯಾಲ್ ಐ ಕಮ್?", "ಹೋಗೋಣ್ವಾ?" ಎನ್ನಲು "ಶ್ಯಾಲ್ ವಿ ಗೋ?" ಇಲ್ಲಿ "ವಿಲ್ ಐ ಕಮ್?" ಎಂದರೆ ನೀವು ಬರುತ್ತೀರೋ ಇಲ್ಲವೋ ಎಂದು ಎದುರಿನವರ ಬಳಿ ಶಾಸ್ತ್ರ ಕೇಳಿದಂತಾಗುತ್ತದೆ.

ಪತ್ರಿಕೆಯ "ಉದ್ಘಾಟಿಸಲಿದ್ದಾರೆ" ಇಂಗ್ಲಿಷಿನ ಈಸ್ ಟು. ತಲೆಬರಹದಲ್ಲಿ ಈಸ್ ಬಿದ್ದುಹೋಗಿ "ಸಿಎಂ ಟು ಇನಾಗರೇಟ್" ಎಂದಷ್ಟೇ ಉಳಿಯುತ್ತದೆ. ಇದನ್ನೇ ಎದುರಿಗಿರುವವರಿಗೆ ಹೇಳಿದರೆ ಆಜ್ಞೆ: "ಯು ಆರ್ ಟು ರಿಪೋರ್ಟ್ ಅಟ್ ನೈನ್." ಅಬೌಟ್ ಟು ಎಂದರೆ ಹೊರಡೋದ್ರಲ್ಲಿದ್ದೀನಿ, ಚಪ್ಪಲಿ ಮೆಟ್ಟಿಯಾಗಿದೆ; ಅದರ ಪಕ್ಕ ಟುಮಾರೋ ಸೇರದು. ಬೌಂಡ್ ಟು ಎಂದರೆ ಆಗೇ ಆಗುತ್ತೆ, ಲೈಕ್ಲಿ ಟು ಎಂದರೆ ಆಗುವ ಸಂಭವ ಹೆಚ್ಚು. "ಮಳೆ ಬಂದೀತು" ಎಂಬ ನಮ್ಮ ಸೊಗಸಾದ ರೂಪಕ್ಕೆ ಚಾರ್ಟಿನಲ್ಲಿ ಮನೆಯೇ ಇಲ್ಲ, ಅದು "ಇಟ್ ಮೈಟ್ ರೇನ್." ಕರೆದವರಿಗೆ "ಬಂದೆ" ಎನ್ನಲು ಐ ಕೇಮ್ ಅಲ್ಲ, ಬರೀ "ಕಮಿಂಗ್!" ಸಾಕು. ಹೊರಡುವಾಗಿನ "ಹೋಗಿಬರ್ತೀನಿ"ಯನ್ನು "ಐ ವಿಲ್ ಗೋ ಅಂಡ್ ಕಮ್" ಮಾಡಿದರೆ ನಮ್ಮ ಕಡೆಯವರಿಗೆ ಹಿತ, ಉಳಿದವರಿಗೆ ಒಗಟು. "ಸೀ ಯು" ಎಂದು ಹೊರಟರಾಯಿತು.

ಇಲ್ಲ ಎನ್ನುವುದರಲ್ಲಿ ಕನ್ನಡದ ಒಂದು "ಬರಲ್ಲ" ಇಂಗ್ಲಿಷಿನಲ್ಲಿ ಮೂರಾಗಿ ಒಡೆಯುತ್ತದೆ. ಶನಿವಾರ ಬರುವ ರೂಢಿ ಇಲ್ಲದಿದ್ದರೆ "ಹಿ ಡಸಂಟ್ ಕಮ್ ಆನ್ ಸ್ಯಾಟರ್ಡೇಸ್." ನಾಳೆ ಬರುವುದಿಲ್ಲವೆಂದು ತಿಳಿಸಿಯಾಗಿದ್ದರೆ "ಹಿ ಈಸ್ ನಾಟ್ ಕಮಿಂಗ್ ಟುಮಾರೋ." ಬಾ ಎಂದರೂ ಒಲ್ಲೆ ಎನ್ನುತ್ತಿದ್ದರೆ "ಹಿ ವೋಂಟ್ ಕಮ್." ಈ ಹಟ ಜೀವವಿಲ್ಲದ ವಸ್ತುವಿಗೂ ಬರುತ್ತದೆ: "ದಿ ಕಾರ್ ವೋಂಟ್ ಸ್ಟಾರ್ಟ್" ಎಂದರೆ ನಾಳೆಯ ಮಾತಲ್ಲ, ಈಗಲೇ ಸ್ಟಾರ್ಟ್ ಆಗ್ತಾನೇ ಇಲ್ಲ.

ವೋಂಟ್ ಬಾಯಲ್ಲಿ ವಾಂಟ್ ಆಗಿಬಿಡುವುದು ಫೋನಿನಲ್ಲಿ ದುಬಾರಿ. "ಬರಲ್ಲ" ಎಂದದ್ದು "ಬರಬೇಕು" ಎಂದು ತಲುಪುತ್ತದೆ. ಮೊದಲನೆಯದರಲ್ಲಿ ತುಟಿ ದುಂಡಗಾಗಿ ಓ ಎಳೆದು ಬರಬೇಕು, ಎರಡನೆಯದು ಗಿಡ್ಡ, ಮುಂದೆ ಕ್ರಿಯಾಪದ ಬರುವುದಾದರೆ ಅದರ ಬೆನ್ನಿಗೆ ಟು ಇರಲೇಬೇಕು. ಅನುಮಾನವಿದ್ದರೆ ವಿಲ್ ನಾಟ್ ಎಂದು ಬಿಡಿಸಿ ಹೇಳುವುದು ಕ್ಷೇಮ. ಐಲ್ ಎನ್ನುವಾಗ ಕೊನೆಯ ಲ್ ನುಂಗಿಹೋದರೆ "ಐ ಕಾಲ್ ಯು ಲೇಟರ್" ಎಂದಾಗಿ, ವ್ಯಾಕರಣ ಗೊತ್ತಿದ್ದವರೂ ಗೊತ್ತಿಲ್ಲದವರಂತೆ ಕೇಳಿಸುತ್ತಾರೆ. ಗೋಯಿಂಗ್ ಟು ಸವೆದು ಗೊನ್ನ ಆಗುವುದು ಮುಂದೆ ಕ್ರಿಯಾಪದ ಇದ್ದಾಗ ಮಾತ್ರ. "ಐ ಆಮ್ ಗೊನ್ನ ಈಟ್" ಸರಿ, "ಐ ಆಮ್ ಗೊನ್ನ ಮೈಸೂರ್" ಯಾರೂ ಅನ್ನುವುದಿಲ್ಲ. ಗೆಳೆಯರ ಚಾಟ್ ಬಿಟ್ಟು ಬೇರೆಲ್ಲಿ ಬರೆಯುವಾಗಲೂ ಅದನ್ನು ಪೂರ್ತಿಯಾಗಿ ಗೋಯಿಂಗ್ ಟು ಎಂದೇ ಬರೆಯಬೇಕು.